ಬೀದಿ ನಾಯಿಗೆ ದೊಡ್ಡ ಖರ್ಚಿನ ಚಿಕಿತ್ಸೆ: ಮಾಡಿಸಬೇಕಾ ಬೇಡವಾ ಎಂದು ತೀರ್ಮಾನಿಸುವುದು ಹೇಗೆ?

ರಾತ್ರಿ ಹತ್ತೂವರೆ. ಹಾಸನದ ಬಿ.ಎಂ. ರಸ್ತೆಯಲ್ಲಿ ಲಾರಿ ತಗುಲಿದ ನಾಯಿಯನ್ನು ಗೋಣಿಚೀಲದ ಮೇಲೆ ಮಲಗಿಸಿಕೊಂಡು ಡಾಕ್ಟರ ಮುಂದೆ ನಿಂತಿದ್ದೀರಿ. "ತೊಡೆ ಮೂಳೆ ಹೋಗಿದೆ. ಪ್ಲೇಟ್ ಹಾಕಬೇಕು. ಇಷ್ಟಾಗುತ್ತೆ. ಮಾಡೋಣ್ವಾ?" ಅಂತ ಅವರು ಕೇಳುತ್ತಾರೆ. ನಾಯಿ ನಿಮ್ಮ ಮುಖವನ್ನೇ ನೋಡುತ್ತಿದೆ. ಆ ಹೊತ್ತಿನಲ್ಲಿ ಬೇಡ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ. ನನಗೂ ಬಂದಿರಲಿಲ್ಲ.

ನಾವು ಏಳು ಜನ ಸೇರಿ ಹಾಸನದ ಸುತ್ತಮುತ್ತ ಬೀದಿ ನಾಯಿ, ಬೆಕ್ಕುಗಳನ್ನು ನೋಡಿಕೊಳ್ಳುತ್ತೇವೆ. ನಮಗೆ ಶೆಲ್ಟರ್ ಇಲ್ಲ. ಸಂಬಳದಲ್ಲಿ ತೆಗೆದಿಟ್ಟ ದುಡ್ಡು, ಪರಿಚಯದವರು ಕಳಿಸುವ ನೂರು ಇನ್ನೂರು, ಅಷ್ಟೇ ನಮ್ಮ ಬಂಡವಾಳ. ನಮ್ಮಂಥ ಸಣ್ಣ ಗುಂಪುಗಳು ಈಗ ಪ್ರತಿ ಊರಲ್ಲೂ ಇವೆ. ಸಕಲೇಶಪುರ, ಅರಸೀಕೆರೆ, ಚನ್ನರಾಯಪಟ್ಟಣದ ಹುಡುಗ ಹುಡುಗಿಯರು ಫೋನ್ ಮಾಡಿ ಕೇಳುವುದು ಹೆಚ್ಚಾಗಿ ಇದೊಂದನ್ನೇ. ಅದಕ್ಕೇ ನಾವು ಕಲಿತದ್ದನ್ನು ಬರೆದಿಡುತ್ತಿದ್ದೇನೆ.

ಫೋನ್ ಬರುವ ಮೊದಲೇ ಮಾಡಿಕೊಳ್ಳಬೇಕಾದ್ದು

ತೀರ್ಮಾನದ ಅರ್ಧ ಕೆಲಸ ಮನೆಯಲ್ಲಿ ಸಮಾಧಾನವಾಗಿ ಕೂತು ಆಗಬೇಕು. ಗುಂಪಿನವರೆಲ್ಲ ಒಂದು ಭಾನುವಾರ ಸೇರಿ, ಇರುವ ದುಡ್ಡನ್ನು ಮೂರು ಪಾಲು ಮಾಡಿ. ಕೈಯಲ್ಲಿ 60,000 ರೂಪಾಯಿ ಇದೆ ಎಂದಿಟ್ಟುಕೊಳ್ಳಿ. 20,000 ಸಂತಾನಹರಣ ಮತ್ತು ಲಸಿಕೆಗೆ. 15,000 ತುರ್ತು ಮೊದಲ ಚಿಕಿತ್ಸೆಗೆ, ಇದನ್ನು ಖರ್ಚು ಮಾಡಲು ಯಾರೂ ಯಾರನ್ನೂ ಕೇಳಬೇಕಿಲ್ಲ. ಉಳಿದ 25,000 ದೊಡ್ಡ ಕೇಸುಗಳಿಗೆ. ಲೆಕ್ಕ ನಿಮ್ಮ ಊರಿಗೆ ತಕ್ಕ ಹಾಗೆ ಇರಲಿ. ಆದರೆ ಮೊದಲನೇ ಪಾಲನ್ನು ಎಂಥ ಕಣ್ಣೀರು ಬಂದರೂ ಮುಟ್ಟಬೇಡಿ. ಒಂದು ಹೆಣ್ಣು ನಾಯಿ ವರ್ಷಕ್ಕೆ ಎರಡು ಸಲ ಮರಿ ಹಾಕಬಹುದು. ಮುಂದಿನ ವರ್ಷ ಪಾರ್ವೊ (ವಾಂತಿ ಭೇದಿಯಾಗಿ ಮರಿಗಳನ್ನು ಕೊಲ್ಲುವ ವೈರಸ್ ಕಾಯಿಲೆ) ಬರುವುದು, ಗಾಡಿ ಕೆಳಗೆ ಸಿಗುವುದು ಆ ಮರಿಗಳೇ.

ಇನ್ನೊಂದು ಕಟ್ಟುಪಾಡು: ದೊಡ್ಡ ಖರ್ಚಿಗೆ ಮೂರು ಜನ ಒಪ್ಪಬೇಕು. ಪ್ರಾಣಿಯನ್ನು ಎತ್ತಿಕೊಂಡು ಬಂದವರು ಒಬ್ಬರೇ ತೀರ್ಮಾನಿಸಬಾರದು. ಅವರ ಬಟ್ಟೆಗೆ ಆ ರಕ್ತ ಅಂಟಿರುತ್ತದೆ. ಬೇಡ ಅನ್ನುವ ಭಾರವನ್ನು ಅವರೊಬ್ಬರ ತಲೆ ಮೇಲೆ ಹಾಕುವುದೂ ತಪ್ಪು. ಮನೆಯಲ್ಲಿ ಕೂತು ಫೋನಿನಲ್ಲೇ ಮಾತಾಡುವ ಇಬ್ಬರು ಜೊತೆಗಿದ್ದರೆ ಸರಿಯಾದ ಪ್ರಶ್ನೆಗಳು ಹೊರಗೆ ಬರುತ್ತವೆ.

ಮೊದಲ ಒಂದು ಗಂಟೆ

ಈ ಹೊತ್ತಲ್ಲಿ ದುಡ್ಡಿನ ಮಾತೇ ಬೇಡ. ನೋವು ಕಡಿಮೆ ಮಾಡುವ ಇಂಜೆಕ್ಷನ್, ಡ್ರಿಪ್, ಮೈ ಬೆಚ್ಚಗಿಡುವುದು, ರಕ್ತ ನಿಲ್ಲಿಸುವುದು. ಇಷ್ಟನ್ನು ಎಲ್ಲ ಪ್ರಾಣಿಗೂ ಮಾಡಿಸಿ. ಆಮೇಲೆ ದಯಾಮರಣ ಅಂತಲೇ ತೀರ್ಮಾನವಾದರೂ ಈ ಖರ್ಚು ದಂಡ ಅಲ್ಲ.

ನೋವಲ್ಲಿರುವ ನಾಯಿ ಅನ್ನ ಹಾಕಿದವರನ್ನೂ ಕಚ್ಚುತ್ತದೆ. ಬಾಯಿಗೆ ಬಟ್ಟೆ ಪಟ್ಟಿ ಕಟ್ಟಿ. ಆದರೆ ಉಸಿರಾಟಕ್ಕೆ ತೊಂದರೆ ಇದ್ದರೆ ಅಥವಾ ವಾಂತಿ ಆಗುತ್ತಿದ್ದರೆ ಕಟ್ಟಬೇಡಿ. ಕಚ್ಚಿಸಿಕೊಂಡರೆ ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಶುರು ಮಾಡಿ. ನಾಯಿ, ಬೆಕ್ಕಿಗೆ ಮನೆಯಲ್ಲಿರುವ ಮನುಷ್ಯರ ಮಾತ್ರೆ ಕೊಡಬೇಡಿ. ಪ್ಯಾರಾಸಿಟಮಾಲ್ ಬೆಕ್ಕನ್ನು ಕೊಲ್ಲುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ನಾಯಿಯ ಹೊಟ್ಟೆ, ಕಿಡ್ನಿ ಎರಡನ್ನೂ ಕೆಡಿಸುತ್ತವೆ. ಗಾಯದಲ್ಲಿ ಹುಳ ಬಿದ್ದಿದ್ದರೆ ಫಿನಾಯಿಲ್, ಸೀಮೆಎಣ್ಣೆ ಸುರಿಯಬೇಡಿ.

ಸರ್ಕಾರದ ಪಶು ಸಂಚಾರಿ ವಾಹನಕ್ಕೆ 1962 ಡಯಲ್ ಮಾಡಬಹುದು. ಅದು ಮುಖ್ಯವಾಗಿ ದನಕರುಗಳಿಗೆ ಇರುವುದು, ಆದರೂ ಹಳ್ಳಿ ಕಡೆ ಹತ್ತಿರದ ಡಾಕ್ಟರ್ ಯಾರು ಅಂತ ತಿಳಿಯಲು ಸಹಾಯ ಆಗುತ್ತದೆ. ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜು ಇರುವುದು ನಮ್ಮ ಜಿಲ್ಲೆಯ ಪುಣ್ಯ. ಅಲ್ಲಿನ ಸಮಯ, ಎಕ್ಸ್‌ರೇ ಎಷ್ಟು ಹೊತ್ತಿಗೆ ಸಿಗುತ್ತದೆ ಅನ್ನುವುದನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಸಿಕ್ಕಿದ್ದು ಪುನುಗು ಬೆಕ್ಕು, ಉಡ, ನವಿಲು, ಮಂಗ ಆಗಿದ್ದರೆ ಅರಣ್ಯ ಇಲಾಖೆಗೆ ಹೇಳಿ ಒಪ್ಪಿಸಬೇಕು. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅವನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಕೊರಳಲ್ಲಿ ಬೆಲ್ಟ್ ಇದ್ದರೆ, ಕಿವಿಯಲ್ಲಿ ಓಲೆ (ಟ್ಯಾಗ್) ಇರುವ ದನವಾಗಿದ್ದರೆ ಮೊದಲು ಮಾಲೀಕರನ್ನು ಹುಡುಕಿ.

ಆಕ್ಸಿಡೆಂಟ್ ಕೇಸುಗಳಲ್ಲಿ ಒಂದು ವಿಷಯ ಗೊತ್ತಿದ್ದರೆ ಎದೆ ಸ್ವಲ್ಪ ಹಗುರಾಗುತ್ತದೆ. ಚರ್ಮ ಹರಿಯದೆ ಮುರಿದ ಮೂಳೆ ಒಂದೆರಡು ದಿನ ಕಾಯುತ್ತದೆ. ಶ್ವಾಸಕೋಶಕ್ಕೆ ಬಿದ್ದ ಪೆಟ್ಟು, ಹೊಟ್ಟೆಯೊಳಗಿನ ರಕ್ತ, ಒಡೆದ ಮೂತ್ರಕೋಶ ಇವು ಕಾಯುವುದಿಲ್ಲ. ಒಳ್ಳೆಯ ಡಾಕ್ಟರು ಮೊದಲು ನಾಯಿ ಸುಧಾರಿಸಿಕೊಳ್ಳಲಿ ಅಂತ 24ರಿಂದ 48 ಗಂಟೆ ನೋಡುತ್ತಾರೆ. ಅಂದರೆ "ಈಗಲೇ ಹೇಳಿ" ಅನ್ನುವ ಒತ್ತಡ ಎಷ್ಟೋ ಸಲ ನಾವೇ ಹಾಕಿಕೊಂಡದ್ದು. ವಿಚಾರ ಮಾಡಲು ಒಂದು ರಾತ್ರಿ ಸಿಗುತ್ತದೆ. ಮೂತ್ರ ಕಟ್ಟಿದ ಗಂಡು ಬೆಕ್ಕು, ಗರ್ಭಕೋಶದಲ್ಲಿ ಕೀವು ತುಂಬಿದ ಹೆಣ್ಣು ನಾಯಿ, ಇವಕ್ಕೆ ಮಾತ್ರ ಆ ರಾತ್ರಿಯೂ ಇಲ್ಲ.

ಡಾಕ್ಟರನ್ನು ಏನು ಕೇಳಬೇಕು?

"ಉಳಿಯುತ್ತಾ ಡಾಕ್ಟ್ರೆ?" ಅಂತ ನಾವೆಲ್ಲ ಕೇಳುತ್ತೇವೆ. ಇದು ಸಾಲದು. ಉಳಿಯುವುದು ಬೇರೆ, ನೋವಿಲ್ಲದೆ ತಿಂದು ಓಡಾಡಿಕೊಂಡಿರುವುದು ಬೇರೆ. ಹೀಗೆ ಕೇಳಿ: ಎಲ್ಲ ಸರಿ ಹೋದರೆ ಮೂರು ತಿಂಗಳ ನಂತರ ಇದು ಹೇಗಿರುತ್ತದೆ? ಸರಿ ಹೋಗದಿದ್ದರೆ ಏನೇನು ಆಗಬಹುದು, ಆಗ ಮತ್ತೆ ಎಷ್ಟು? ಇದಕ್ಕಿಂತ ಕಡಿಮೆ ಖರ್ಚಿನ ದಾರಿ ಇದೆಯಾ, ಅದರಲ್ಲಿ ಏನು ಕಳೆದುಕೊಳ್ಳುತ್ತೇವೆ? ಎಷ್ಟು ದಿನ ಕಟ್ಟಿಹಾಕಿ ಇಡಬೇಕು?

ಮೂರನೇ ಪ್ರಶ್ನೆ ಕೇಳಲು ಸಂಕೋಚ ಬೇಡ. ಕಡಿಮೆ ಖರ್ಚಿನದು ಅಂದರೆ ಕಳಪೆ ಅಂತಲ್ಲ. ಪಾರ್ವೊ ಬಂದ ಮರಿಗಳನ್ನೇ ನೋಡಿ. ಆಸ್ಪತ್ರೆಯಲ್ಲೇ ಇಟ್ಟು ರಾತ್ರಿ ಹಗಲು ಡ್ರಿಪ್ ಹಾಕುವುದು ದುಬಾರಿ. ಅಮೆರಿಕದ ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದ ಪಶುವೈದ್ಯರು 40 ಮರಿಗಳನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ಪೂರ್ತಿ ಆಸ್ಪತ್ರೆ ಚಿಕಿತ್ಸೆ. ಇನ್ನೊಂದಕ್ಕೆ ಮೊದಲು ರಕ್ತನಾಳದಲ್ಲಿ ಡ್ರಿಪ್ ಕೊಟ್ಟು ಸುಧಾರಿಸಿ, ಆಮೇಲೆ ಮನೆಯಲ್ಲೂ ಮಾಡಬಹುದಾದ ರೀತಿ: ಚರ್ಮದಡಿ ದ್ರವ, ವಾಂತಿ ನಿಲ್ಲುವ ಇಂಜೆಕ್ಷನ್, ಒಂದು ಆ್ಯಂಟಿಬಯಾಟಿಕ್. ಮೊದಲನೆಯದರಲ್ಲಿ ನೂರಕ್ಕೆ 90, ಎರಡನೆಯದರಲ್ಲಿ 80 ಉಳಿದವು. ಹತ್ತು ಕಡಿಮೆ, ನಿಜ. ಆದರೆ ದುಡ್ಡಿಲ್ಲ ಅಂತ ಏನೂ ಮಾಡದೆ ಬಿಡುವುದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ! ಹೀಗೆ ಮನೆಯಲ್ಲಿ ಮಾಡುವುದಾದರೆ ದಿನಕ್ಕೆ ಒಮ್ಮೆಯಾದರೂ ಡಾಕ್ಟರು ಮರಿಯನ್ನು ನೋಡಲೇಬೇಕು.

ಕಣ್ಣಿಗೆ ಕಾಣುವುದನ್ನು ನಂಬಬೇಡಿ

ನಾವು ಜಾಸ್ತಿ ಎಡವಿದ್ದು ಇಲ್ಲಿ. ನೋಡಲು ಭಯಂಕರವಾಗಿರುವ ಕಾಯಿಲೆ ಎಷ್ಟೋ ಸಲ ಸುಲಭದ್ದು. ಮೈಮೇಲೆ ಒಂದು ಕೂದಲೂ ಇಲ್ಲದೆ, ಚರ್ಮ ಒಡೆದು ವಾಸನೆ ಬರುವ ಕಜ್ಜಿ ನಾಯಿ ಎರಡು ಮೂರು ತಿಂಗಳಲ್ಲಿ ಗುರುತು ಸಿಗದಷ್ಟು ಚೆನ್ನಾಗುತ್ತದೆ. ಹಿಂದುಗಡೆ ರಕ್ತ ತೊಟ್ಟಿಕ್ಕುವ ಗಡ್ಡೆ ಕಂಡರೆ ಜನ ಕ್ಯಾನ್ಸರ್ ಅಂತ ಕೈಬಿಡುತ್ತಾರೆ. ಬೀದಿ ನಾಯಿಗಳಲ್ಲಿ ಅದು ಹೆಚ್ಚಾಗಿ ಕೂಡುವಾಗ ಒಂದರಿಂದ ಒಂದಕ್ಕೆ ಹರಡುವ ಗಡ್ಡೆ. ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ವಾರಕ್ಕೊಂದರಂತೆ ಸಾಮಾನ್ಯವಾಗಿ ನಾಲ್ಕರಿಂದ ಆರು ಕೊಟ್ಟರೆ ಕರಗಿಹೋಗುತ್ತದೆ. ಔಷಧಿಯೂ ಅಷ್ಟು ದುಬಾರಿ ಅಲ್ಲ. ವಾರ ತಪ್ಪದೆ ಅದೇ ನಾಯಿಯನ್ನು ಹಿಡಿದು ತರುವುದೇ ಕಷ್ಟ. ಮಳೆಗಾಲದಲ್ಲಿ ಮಲೆನಾಡು ಕಡೆಯಿಂದ ಬರುವ ಹುಳ ಬಿದ್ದ ಗಾಯಗಳೂ ಹಾಗೇ. ತಲೆಯಲ್ಲಿ ಮುಷ್ಟಿಯಷ್ಟು ತೂತು ಇದ್ದರೂ ಮೂರು ವಾರದಲ್ಲಿ ತುಂಬಿಕೊಂಡದ್ದನ್ನು ನೋಡಿದ್ದೇನೆ. ಉಣ್ಣಿ ಕಚ್ಚಿ ಬರುವ ಜ್ವರದಿಂದ ಮೂಗಲ್ಲಿ ರಕ್ತ ಬಂದ ನಾಯಿಗಳಲ್ಲೂ ತುಂಬಾ ನಾಯಿಗಳು, 28 ದಿನ ಡಾಕ್ಸಿಸೈಕ್ಲಿನ್ ಬಿಡದೆ ಕೊಟ್ಟರೆ ಎದ್ದು ಕೂರುತ್ತವೆ. ಇವಕ್ಕೆಲ್ಲ ಯೋಚನೆ ಬೇಡ, ಮಾಡಿಸಿ.

ಕೆಲವು ಇದಕ್ಕೆ ತಿರುಗುಮುರುಗು. ನಾಯಿ ಬಾಲ ಅಲ್ಲಾಡಿಸುತ್ತದೆ, ಬಿಸ್ಕೆಟ್ ತಿನ್ನುತ್ತದೆ, ಮೈಮೇಲೆ ಗಾಯವೇ ಇಲ್ಲ. ಹಿಂಗಾಲು ಮಾತ್ರ ಎಳೆಯುತ್ತದೆ. ಬೆನ್ನುಹುರಿ ಪೆಟ್ಟು. ಇಲ್ಲಿ ಡಾಕ್ಟರು ಕಾಲ್ಬೆರಳನ್ನು ಗಟ್ಟಿಯಾಗಿ ಒತ್ತಿ ನೋಡುತ್ತಾರೆ. ಕಾಲು ಹಿಂದಕ್ಕೆ ಎಳೆದುಕೊಂಡಿತು ಅಂತ ನಾವು ಖುಷಿಪಡುತ್ತೇವೆ. ಆದರೆ ಮೆದುಳಿಗೆ ಸುದ್ದಿ ಮುಟ್ಟದಿದ್ದರೂ ಕಾಲು ತಾನಾಗಿ ಎಳೆದುಕೊಳ್ಳುತ್ತದೆ. ನಾಯಿ ತಲೆ ತಿರುಗಿಸಿ ನೋಡಬೇಕು, ಇಲ್ಲವೇ ಕುಯ್ ಅನ್ನಬೇಕು. ಅಷ್ಟು ನೋವೂ ಗೊತ್ತಾಗದಿದ್ದರೆ, ಬೆನ್ನುಮೂಳೆ ಮುರಿದು ಜರುಗಿದ್ದರೆ, ಮತ್ತೆ ನಡೆಯುವ ಆಸೆ ತೀರಾ ಕಡಿಮೆ. ಮೂತ್ರವನ್ನು ದಿನಕ್ಕೆ ಮೂರು ನಾಲ್ಕು ಸಲ ಹೊಟ್ಟೆ ಒತ್ತಿ ತೆಗೆಸಬೇಕು, ಬದುಕಿರುವಷ್ಟು ದಿನ. ಡಿಸ್ಟೆಂಪರ್ ಅನ್ನುವ ವೈರಸ್ ಕಾಯಿಲೆ ಕೂಡ ಹಾಗೆ. ಕಣ್ಣು ಮೂಗಲ್ಲಿ ಕೀವು ಅಂತ ಶುರುವಾಗಿ, ವಾಸಿಯಾಯಿತು ಅಂದುಕೊಂಡ ಮೇಲೆ ಫಿಟ್ಸ್ ಬರುತ್ತದೆ. ವೈರಸ್ಸನ್ನೇ ಕೊಲ್ಲುವ ಔಷಧಿ ಅದಕ್ಕಿಲ್ಲ.

ಜನ ದುಡ್ಡು ಕೊಡುವುದು ಫೋಟೊ ನೋಡಿ. ಹಾಗಾಗಿ ಸುಲಭದ ಕೇಸಿಗೆ ಬೇಕಾದ್ದಕ್ಕಿಂತ ಹೆಚ್ಚು ಬರುತ್ತದೆ. ಫೋಟೊದಲ್ಲಿ ಏನೂ ಕಾಣದ ಗರ್ಭಕೋಶದ ಕೀವಿಗೆ ಬಿಡಿಗಾಸೂ ಬರುವುದಿಲ್ಲ. ಅದಕ್ಕೇ ನಿಮ್ಮ ಕೈಯಲ್ಲಿ ನಿಮ್ಮದೇ ನಿಧಿ ಇರಬೇಕು.

ಆಪರೇಷನ್ ಆದ ಮೇಲೆ ಎಲ್ಲಿ?

ಈ ಬರಹದಲ್ಲಿ ಒಂದೇ ಭಾಗ ಓದಲು ನಿಮಗೆ ಹೊತ್ತಿದ್ದರೆ ಇದನ್ನು ಓದಿ. ಬಿಲ್ಲಿನಿಂದ ಕೆಡುವುದಕ್ಕಿಂತ ಜಾಸ್ತಿ ಕೇಸುಗಳು ಕೆಡುವುದು ಇಲ್ಲಿ.

ಸಾಲಗಾಮೆ ರಸ್ತೆಯ ಒಂದು ಟೀ ಅಂಗಡಿ ಹತ್ತಿರದ ಕರಿಯ ಅನ್ನುವ ನಾಯಿಗೆ ಹಿಂಗಾಲು ಮುರಿದಿತ್ತು. ಕಾಲು ಉಳಿಸಲೇಬೇಕು ಅಂತ ನಾವು ಹಟ ಹಿಡಿದೆವು. ಎರಡು ದಿನದಲ್ಲಿ ದುಡ್ಡು ಕೂಡಿತು, ಪ್ಲೇಟ್ ಹಾಕಿದರು, ಎಕ್ಸ್‌ರೇ ಚೆನ್ನಾಗೇ ಬಂತು. ಎಂಟರಿಂದ ಹತ್ತು ವಾರ ಓಡಾಡಿಸದೆ ಸಣ್ಣ ಜಾಗದಲ್ಲಿ ಇಡಿ ಅಂದರು. ಹೂಂ ಅಂದೆವು. ಎಲ್ಲಿ ಅಂತ ಯಾರೂ ಕೇಳಲಿಲ್ಲ. ಮೊದಲು ನಮ್ಮ ಮಹಡಿ ಮೇಲೆ. ಬೊಗಳುತ್ತದೆ ಅಂತ ಮನೆ ಮಾಲೀಕರು ಬೇಡ ಅಂದರು. ಆಮೇಲೆ ಒಬ್ಬ ಹುಡುಗನ ರೂಮಿನಲ್ಲಿ, ಅವನಿಗೆ ಪರೀಕ್ಷೆ. ಆಮೇಲೆ ಒಂದು ಗೋಡೌನಿನಲ್ಲಿ. ಐದು ವರ್ಷ ಬೀದಿಯಲ್ಲೇ ಬೆಳೆದ ನಾಯಿ ಅದು. ನಾಲ್ಕು ಗೋಡೆ ಅದಕ್ಕೆ ಜೈಲು. ಹಾರಿತು, ಕಚ್ಚಿತು, ಗಾಯ ನೆಕ್ಕಿತು. ಪ್ಲೇಟ್ ಬಾಗಿತು, ಕೀವಾಯಿತು. ಕೊನೆಗೆ ಆ ಕಾಲನ್ನೇ ತೆಗೆಸಬೇಕಾಯಿತು. ಡಾಕ್ಟರದು ತಪ್ಪಿರಲಿಲ್ಲ. ನಾವೇ ಅದಕ್ಕೆ ಮೂರು ತಿಂಗಳ ನೋವು ಕೊಟ್ಟೆವು. ಕಾಲು ತೆಗೆದ ಎರಡನೇ ವಾರಕ್ಕೆ ಅದು ಮೂರು ಕಾಲಲ್ಲಿ ಟೀ ಅಂಗಡಿಗೆ ಓಡಿತು. ಆವತ್ತು ನನಗೆ ಖುಷಿಗಿಂತ ಸಂಕಟವೇ ಜಾಸ್ತಿ ಆಯಿತು.

ಹಾಗಾಗಿ ಈಗ ನಾವು ಕಾಲು ಮುರಿದ ನಾಯಿಗೆ ಹೀಗೆ ನೋಡುತ್ತೇವೆ. ಹತ್ತು ವಾರ ಇಟ್ಟುಕೊಳ್ಳುವ ಒಂದು ಮನೆ, ಹೆಸರು ಹೇಳಿ ಒಪ್ಪಿಕೊಂಡ ಒಬ್ಬ ಮನುಷ್ಯ ಇದ್ದರೆ ಪ್ಲೇಟ್. ಇಲ್ಲದಿದ್ದರೆ, ಮತ್ತು ಬೇರೆ ಮೂರು ಕಾಲು ಗಟ್ಟಿಯಿದ್ದರೆ, ಕಾಲು ತೆಗೆಸುವುದೇ ಮೇಲು. ಹೊಲಿಗೆ ಬಿಚ್ಚುವವರೆಗೆ ಸುಮಾರು ಎರಡು ವಾರ ಸಾಕು. ನೋಡುವವರಿಗೆ ಅಯ್ಯೋ ಅನ್ನಿಸುತ್ತದೆ, ನಾಯಿ ಬೇಗ ಹೊಂದಿಕೊಳ್ಳುತ್ತದೆ. ಸೊಂಟದ ಮೂಳೆ ಬಿರುಕಾದರೆ ಎಷ್ಟೋ ಸಲ ಆಪರೇಷನ್ನೇ ಬೇಡ, ನಾಲ್ಕರಿಂದ ಆರು ವಾರ ಪಂಜರದಲ್ಲಿ ಸುಮ್ನೆ ಇಟ್ಟರೆ ಕೂಡಿಕೊಳ್ಳುತ್ತದೆ. ಆದರೆ ಅಲ್ಲೂ ಅದೇ ಪ್ರಶ್ನೆ, ಯಾರ ಮನೆಯಲ್ಲಿ?

ವಾಪಸ್ ಬಿಡುವ ಜಾಗವನ್ನೂ ಮೊದಲೇ ಯೋಚಿಸಿ. ಆಸ್ಪತ್ರೆ, ಶಾಲೆ, ಬಸ್ ನಿಲ್ದಾಣ, ರೈಲು ನಿಲ್ದಾಣದಂಥ ಜಾಗದಿಂದ ಹಿಡಿದ ನಾಯಿಯನ್ನು ಮತ್ತೆ ಅಲ್ಲಿಗೇ ಬಿಡಬಾರದು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಹೇಳಿದೆ. ಪಾರ್ವೊ ಮರಿ ಇದ್ದ ಮನೆಗೆ ಲಸಿಕೆ ಆಗದ ಇನ್ನೊಂದು ಮರಿಯನ್ನು ತಿಂಗಳುಗಟ್ಟಲೆ ತರುವಂತಿಲ್ಲ. ಆ ವೈರಸ್ ಅಷ್ಟು ದಿನ ನೆಲದಲ್ಲೇ ಇರುತ್ತದೆ. ಅಂದರೆ ಒಂದು ಮರಿಗೆ ಕೊಟ್ಟ ಜಾಗ ಹತ್ತು ಮರಿಗೆ ಇಲ್ಲದಂತಾಗುತ್ತದೆ. ಇದೂ ಖರ್ಚೇ ಅಲ್ವಾ? ಬಿಲ್ಲಿನಲ್ಲಿ ಕಾಣುವುದಿಲ್ಲ, ಅಷ್ಟೇ.

ದುಡ್ಡಿನ ಲೆಕ್ಕ

ಡಾಕ್ಟರು ಹೇಳಿದ ಅಂದಾಜು ಆಪರೇಷನ್ನಿನದು ಮಾತ್ರ. ಅದಕ್ಕೆ ರಕ್ತ ಪರೀಕ್ಷೆ, ಎರಡನೇ ಎಕ್ಸ್‌ರೇ, ಡ್ರೆಸ್ಸಿಂಗ್, ಆಟೋ ಬಾಡಿಗೆ, ಗಾಯ ನೆಕ್ಕದಂತೆ ಕೊರಳಿಗೆ ಹಾಕುವ ಕೋನ್ ಕಾಲರ್, ಎರಡು ತಿಂಗಳ ಊಟ ಸೇರಿಸಿ. ಬೆಂಗಳೂರಿಗೆ ಒಯ್ಯಬೇಕು ಅಂದರೆ ಹಾಸನದಿಂದ ಸುಮಾರು 180 ಕಿಲೋಮೀಟರ್. ಗಾಡಿ ಬಾಡಿಗೆ ಜೊತೆಗೆ, ಮುರಿದ ಮೂಳೆ ಇಟ್ಟುಕೊಂಡು ಅಷ್ಟು ದೂರದ ಕುಲುಕಾಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಹೋಗುವ ಮೊದಲು ಎಕ್ಸ್‌ರೇ ಫೋಟೊ ಕಳಿಸಿ, ಬಂದು ಉಪಯೋಗ ಇದೆಯಾ ಅಂತ ಕೇಳಿ.

ಜನರಲ್ಲಿ ಕೇಳುವುದಾದರೆ ಆಸ್ಪತ್ರೆಯ ಅಂದಾಜು ಚೀಟಿ ಹಾಕಿ ಕೇಳಿ. "ಇಷ್ಟು ಬೇಕು, ಉಳಿದರೆ ಮುಂದಿನ ಕೇಸಿಗೆ, ನಾಯಿ ಉಳಿಯದಿದ್ದರೂ ಬಿಲ್ ಕಟ್ಟಬೇಕು" ಅಂತ ಮೊದಲೇ ಬರೆಯಿರಿ. ಮುಗಿದ ಮೇಲೆ ಬಿಲ್ ಹಾಕಿ. ನಾಯಿ ಸತ್ತಿದ್ದರೆ ಸತ್ತಿತು ಅಂತಲೇ ಹೇಳಿ. ಮುಚ್ಚಿಟ್ಟ ಗುಂಪಿಗೆ ಎರಡನೇ ಸಲ ಯಾರೂ ಕೊಡುವುದಿಲ್ಲ. ಡಾಕ್ಟರ ಹತ್ತಿರ, ಮೆಡಿಕಲ್ ಸ್ಟೋರಿನಲ್ಲಿ ಸಾಲ ಬೆಳೆಸಬೇಡಿ. ಅವರ ಮುಖ ನೋಡಲು ನಾಚಿಕೆಯಾಗಿ ಮುಂದಿನ ನಾಯಿಯನ್ನು ಕರೆದುಕೊಂಡು ಹೋಗುವುದೇ ತಡವಾಗುತ್ತದೆ.

ಎಲ್ಲಿ ನಿಲ್ಲಿಸುವುದು?

ಚಿಕಿತ್ಸೆ ಶುರು ಮಾಡುವಾಗಲೇ ಒಂದು ಗಡುವು ಬರೆದಿಡಿ. ಪಾರ್ವೊ ಮರಿಗೆ ನಾವು 48 ಗಂಟೆಗೊಮ್ಮೆ ಮೂರು ಜನ ಮಾತಾಡುತ್ತೇವೆ. ವಾಂತಿ ಕಡಿಮೆ ಆಯಿತಾ? ಒಸಡು ಬಿಳಿಚಿದೆಯಾ, ಕೆಂಪಾಗುತ್ತಿದೆಯಾ? ತಲೆ ಎತ್ತುತ್ತಿದೆಯಾ? ಮೊದಲ ಮೂರು ನಾಲ್ಕು ದಿನವೇ ಗಂಡಾಂತರ. ಗಡುವು ಇಲ್ಲದಿದ್ದರೆ "ಇಷ್ಟು ಹಾಕಿದ್ದೀವಿ, ಇನ್ನೊಂದು ಸ್ವಲ್ಪ" ಅನ್ನುತ್ತಲೇ ಹೋಗುತ್ತೇವೆ. ಹಾಕಿದ ದುಡ್ಡು ಹೋಯಿತು. ಈಗ ನೋಡಬೇಕಾದ್ದು ನಾಳೆಯ ದಿನ ಆ ಜೀವಕ್ಕೆ ಹೇಗಿರುತ್ತದೆ ಅನ್ನುವುದನ್ನು.

ದಯಾಮರಣ ಅಂತ ಆದರೆ ಅದನ್ನು ಪಶುವೈದ್ಯರೇ ಮಾಡಬೇಕು. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ವಾಸಿಯಾಗದ ಕಾಯಿಲೆ ಅಥವಾ ಸಾಯುವಂಥ ಗಾಯ ಇರುವ ಬೀದಿ ನಾಯಿಗಳಿಗೆ ಇದಕ್ಕೆ ಅವಕಾಶ ಕೊಟ್ಟಿವೆ. ಹಾಗಂತ ತೀರ್ಮಾನಿಸಲು ಆ ನಿಯಮಗಳಡಿ ಇರುವ ಸ್ಥಳೀಯ ಸಮಿತಿ ನೇಮಿಸಿದ ತಂಡ ಇರಬೇಕು. ರಕ್ತನಾಳಕ್ಕೆ ಇಂಜೆಕ್ಷನ್ ಕೊಟ್ಟು, ಹಿಂಸೆಯಾಗದ ಹಾಗೆ ಆಗಬೇಕು. ದುಡ್ಡಿಲ್ಲ ಅನ್ನುವುದು, ನೋಡಿಕೊಳ್ಳಲು ಆಗಲ್ಲ ಅನ್ನುವುದು ಇದಕ್ಕೆ ಕಾರಣ ಆಗಬಾರದು. ಡಾಕ್ಟರಿಂದ ಬರಹದಲ್ಲಿ ತೆಗೆದುಕೊಳ್ಳಿ. ರೇಬಿಸ್ ಅನುಮಾನ ಇದ್ದರೆ ನೀವು ಮುಟ್ಟಲೇಬೇಡಿ, ನಗರಸಭೆಗೂ ಡಾಕ್ಟರಿಗೂ ಹೇಳಿ.

ಆ ನಾಯಿಗೆ ಅನ್ನ ಹಾಕುತ್ತಿದ್ದವರಿಗೆ ಇದನ್ನು ಹೇಳುವುದು ತುಂಬಾ ಕಷ್ಟದ ಕೆಲಸ. ಕಟ್ಟಿನಕೆರೆ ಮಾರುಕಟ್ಟೆ ಹತ್ತಿರ ಹೂವು ಮಾರುವ ಒಬ್ಬರು ಒಂದು ಮುದಿ ನಾಯಿಯನ್ನು ಸಾಕಿಕೊಂಡಿದ್ದರು. ಬೆನ್ನುಹುರಿ ಹೋಗಿತ್ತು. ನಾನು ಹೋಗಿ ಪಕ್ಕದಲ್ಲಿ ಕೂತೆ. "ಅಮ್ಮಾ, ಇದು ಇನ್ನು ಎದ್ದೇಳಲ್ಲ. ನೋವಿಲ್ಲದ ಹಾಗೆ ಮಲಗಿಸೋದೇ ಒಳ್ಳೇದು ಅಂತಿದಾರೆ ಡಾಕ್ಟ್ರು" ಅಂದೆ. ಅವರು ಹೂ ಕಟ್ಟುವುದನ್ನು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ನಾನೂ ಬರ್ಲಾ? ನಾನಿದ್ರೆ ಅದು ಹೆದರಲ್ಲ ಕಣವ್ವ" ಅಂದರು. ಬಂದರು. ತಲೆಯನ್ನು ತೊಡೆ ಮೇಲೆ ಇಟ್ಟುಕೊಂಡಿದ್ದರು. ಅವತ್ತಿನಿಂದ ಸಾಕಿದವರನ್ನು ಕೇಳದೆ ನಾವು ಇದನ್ನು ಮಾಡಿಸಿಲ್ಲ. "ಮಲಗಿಸೋದು" ಅಂದರೆ ಕೆಲವರಿಗೆ ಅರ್ಥವಾಗುವುದಿಲ್ಲ, ಸಾಯುತ್ತದೆ ಅನ್ನುವ ಮಾತನ್ನೂ ಮೆಲ್ಲಗೆ ಹೇಳಿಬಿಡಿ.

ಒಂದು ನೋಟ್‌ಬುಕ್

ಪ್ರತಿ ಕೇಸಿಗೂ ಒಂದು ಪುಟ ಇಡಿ. ತಂದ ದಿನ, ಡಾಕ್ಟರು ಹೇಳಿದ್ದು, ತೀರ್ಮಾನಿಸಿದ ಮೂವರ ಹೆಸರು, ಹೂಂ ಅಂದದ್ದು ಅಥವಾ ಬೇಡ ಅಂದದ್ದು ಯಾಕೆ, ಎಷ್ಟಾಯಿತು, ಮೂರು ತಿಂಗಳ ನಂತರ ಹೇಗಿದೆ. ಬೇಡ ಅಂದ ಕೇಸುಗಳನ್ನೂ ಬರೆಯಿರಿ. ಆ ಕೇಸಿಗೆ ಫೋನ್ ಮಾಡಿದ್ದವರಿಗೆ ಮರುದಿನ ನೀವೇ ಫೋನ್ ಮಾಡಿ ಏನಾಯಿತು ಅಂತ ಹೇಳಿ. ಸಿಟ್ಟು ಮಾಡಿಕೊಂಡರೆ ಕೇಳಿಸಿಕೊಳ್ಳಿ.

ನಾವು ಹಳೆಯ ಪುಟಗಳನ್ನು ತಿರುವಿ ನೋಡಿದಾಗ, ಕೆಟ್ಟುಹೋದ ಕೇಸುಗಳಲ್ಲಿ ಹೆಚ್ಚಿನವಕ್ಕೆ ದುಡ್ಡು ಸಿಕ್ಕಿತ್ತು. ಆಮೇಲೆ ಎಲ್ಲಿ ಇಡುವುದು ಅನ್ನುವ ಸಾಲು ಮಾತ್ರ ಖಾಲಿ ಇತ್ತು. ಈಗ ಆ ಸಾಲನ್ನು ಪುಟದ ಮೇಲ್ಗಡೆಗೆ ತಂದಿದ್ದೇವೆ. ಅಲ್ಲಿ ಒಬ್ಬರ ಹೆಸರು, ಫೋನ್ ನಂಬರ್ ಬರೆದ ಮೇಲೆಯೇ ಆಪರೇಷನ್ನಿಗೆ ಅಡ್ವಾನ್ಸ್ ಕಟ್ಟುತ್ತೇವೆ.